ಅವ್ವನ ಸ್ಕ್ಯಾನ್ ಬಂತು, ಎಲ್ಲರಿಗೂ ಥ್ಯಾಂಕ್ಸ್, ಚಿಗವ್ವನಿಗೆ ಸ್ವಲ್ಪ ಜಾಸ್ತಿ

ಅವ್ವನ ತಲೆಯೊಳಗಿನ ಗಡ್ಡೆಯ ಆಪರೇಷನ್ ಆಗಿ ವರ್ಷ ತುಂಬಿತು. ಮೊನ್ನೆ ಹುಬ್ಬಳ್ಳಿಯಲ್ಲಿ ಮತ್ತೆ ಎಂಆರ್‌ಐ ಮಾಡಿಸಿದೆವು. ಗಡ್ಡೆ ತಿರುಗಿ ಬೆಳೆದಿಲ್ಲ ಅಂದರು ಡಾಕ್ಟರ್. ಏನಾಗಿತ್ತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ.

ರಕ್ತ ಕೊಟ್ಟ ಗೆಳೆಯರು, ಗದಗದಿಂದ ಬಸ್ಸಿನಲ್ಲಿ ರೊಟ್ಟಿ ಗಂಟು ಕಳಿಸಿದ ಓಣಿಯವರು, ರಜೆ ಕೇಳಿದಾಗೆಲ್ಲ ಹೂಂ ಅಂದ ಆಫೀಸಿನವರು, ಐಸಿಯುನಲ್ಲಿ ತಾಸಿಗೊಮ್ಮೆ ಅವ್ವನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ ಸಿಸ್ಟರ್‌ಗಳು, ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ಚಿಗವ್ವ, ಅವ್ವನ ತಂಗಿ.

ಸಹಿ ಮಾಡಿಸಿಕೊಳ್ಳುವಾಗ ಡಾಕ್ಟರ್ ಎಲ್ಲ ಬಿಡಿಸಿ ಹೇಳಿದ್ದರು. ವಯಸ್ಸು, ಗಡ್ಡೆಯ ಜಾತಿ, ಅದು ಕೂತ ಜಾಗ, ಎಷ್ಟು ತೆಗೆಯಲು ಬರುತ್ತದೆ, ಪೇಷಂಟ್ ಮೊದಲು ಎಷ್ಟು ಓಡಾಡಿಕೊಂಡಿದ್ದರು, ಶುಗರ್ ಇದೆಯಾ, ಇವೆಲ್ಲದರ ಮೇಲೆ ಮುಂದಿನದು ನಿಂತಿದೆ ಅಂದರು. ನಾನು ಸುಮ್ನೆ ಕೂತಿದ್ದೆ. ರೋಣದಿಂದ ಬಂದಿದ್ದ ಚಿಗವ್ವ ಕೇಳಿದ್ದು ಒಂದೇ: "ಇದರಾಗ ನಮ್ಮ ಕೈಯಾಗ ಇರೋದು ಯಾವುದ್ರೀ?"

ಶುಗರ್ ಏರಬಾರದು, ಕಾಲು ಆಡಿಸುತ್ತಿರಬೇಕು, ಮಾತಿನಲ್ಲಿ ಎಚ್ಚರದಲ್ಲಿ ಫರಕು ಕಂಡರೆ ತಕ್ಷಣ ಹೇಳಬೇಕು. ಅಷ್ಟನ್ನೂ ಅವಳು ತನ್ನ ಮೇಲೆ ಹಾಕಿಕೊಂಡಳು. ಮಿದುಳಿನ ಬಾವು ಇಳಿಸುವ ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತದೆ, ಏರಿದರೆ ಗಾಯಕ್ಕೆ ನಂಜಾಗುವ ಭಯ. ಹಾಗಾಗಿ ನೋಡಲು ಬಂದವರ ಧಾರವಾಡ ಪೇಢಾ ಡಬ್ಬಿಗಳೆಲ್ಲ ವಾರ್ಡಿನ ಬಾಗಿಲಲ್ಲೇ ಜಪ್ತಿ. (ಖಾಲಿ ಮಾಡಿದ್ದು ನಾವೇ, ಅದು ಬೇರೆ ಮಾತು.) ಮಲಗಿಯೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು ಅಂದಿದ್ದರಲ್ಲ, "ಅಕ್ಕಾ, ಪಾದ ಮ್ಯಾಲ ಮಾಡು, ಕೆಳಗ ಮಾಡು" ಅಂತ ಹಗಲೆಲ್ಲ ಬೆನ್ನು ಹತ್ತುತ್ತಿದ್ದಳು. ಅವ್ವ ಬೈದರೂ ಬಿಡಲಿಲ್ಲ.

ವಾರ್ಡಿಗೆ ಬಂದ ಮೇಲಿನ ಆ ರಾತ್ರಿ. ಹೆಸರು ಕೇಳಿದರೆ ಅವ್ವ ಸರಿಯಾಗಿ ಹೇಳುತ್ತಿದ್ದಳು, ಊರೂ ಹೇಳುತ್ತಿದ್ದಳು. ಚಿಗವ್ವ ಕೇಳುತ್ತಿದ್ದುದು ಬೇರೆ: "ನಮ್ಮ ಎಮ್ಮಿ ಹೆಸರೇನಿತ್ತು?" ದಿನಾ ನಕ್ಕು "ಗೌರಿ" ಅನ್ನುವವಳು, ಅವತ್ತು ಬಹಳ ಹೊತ್ತು ಬಿಟ್ಟು "ಗೌರಿಗೆ ನೀರು ಇಟ್ಟಿಯೇನು?" ಅಂದಳು. ನಿದ್ದೆಗಣ್ಣಲ್ಲಿ ಯಾರಾದರೂ ಹಾಗೆ ಅಂತಾರೆ, ಅಲ್ವಾ? ಚಿಗವ್ವ ಎದ್ದು ಸಿಸ್ಟರ್ ಹತ್ತಿರ ಓಡಿದಳು. ಸ್ಕ್ಯಾನಿನಲ್ಲಿ ಬಾವು ಹೆಚ್ಚಾಗಿತ್ತು. ಔಷಧಿಯಲ್ಲೇ ಇಳಿಯಿತು, ಮತ್ತೆ ತಲೆ ತೆರೆಯಬೇಕಾಗಲಿಲ್ಲ.

ಸ್ಕ್ಯಾನ್ ರೂಮಿನ ಹೊರಗೆ ನಾನು ಗೋಡೆಗೆ ಮುಖ ಕೊಟ್ಟು ಅತ್ತೆ. ಯಾವ ದೇವರನ್ನೂ ಬಿಡದೆ ಬೈದೆ. ಇವತ್ತಿಗೂ ನಡುರಾತ್ರಿ ಫೋನ್ ಬಂದರೆ ಕೈ ನಡುಗುತ್ತದೆ. ಚಿಗವ್ವ ಸಮಾಧಾನದ ಮಾತು ಒಂದೂ ಆಡಲಿಲ್ಲ. "ಹೋಗಿ ಚಾ ಕುಡದು ಬಾ, ಬೆಳಿಗ್ಗೆ ನಿಂದು ಪಾಳಿ ಐತಿ" ಅಂದಳು.

ಅವಳಿಂದಲೇ ಅವ್ವ ಉಳಿದಳು ಅಂತ ಹೇಳಲಾರೆ. ನಮ್ಮದು ಮೆನಿಂಜಿಯೋಮಾ, ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ. ಪಕ್ಕದ ಹಾಸಿಗೆಯ ಅಜ್ಜನದು ಕೆಟ್ಟ ಜಾತಿಯದು. ಅವರ ಮಗಳೂ ಹೀಗೇ ಹಗಲುರಾತ್ರಿ ಕೂತು ನೋಡಿಕೊಂಡರು, ಅಜ್ಜ ಉಳಿಯಲಿಲ್ಲ. ಇದನ್ನು ಬರೆಯದೆ ಚಿಗವ್ವನನ್ನಷ್ಟೇ ಹೊಗಳಿದರೆ ಆ ಮಗಳಿಗೆ ಅನ್ಯಾಯ.

ಫಿಟ್ಸ್ ಮಾತ್ರೆ ಇನ್ನೂ ನಡೆದಿದೆ. ಅವ್ವನನ್ನು ಮಾತಾಡಿಸಲು ಬರುವವರು ಸಂಜೆ ನಾಲ್ಕರ ಮೇಲೆ ಬನ್ನಿ, ಮಧ್ಯಾಹ್ನ ಮಲಗುತ್ತಾಳೆ. ಚಿಗವ್ವ ಈಗ ರೋಣದಲ್ಲಿದ್ದಾಳೆ, ಇದನ್ನು ಓದಿ ಹೇಳಿದರೆ ನನಗೆ ಬೈಗುಳ ಗ್ಯಾರಂಟಿ.