ಕರಡಿ ಕಂಡರೆ ಓಡಬೇಡಿ, ಹೆಜ್ಜೇನು ಎದ್ದರೆ ನಿಲ್ಲಬೇಡಿ

ಮಾನ್ಯ ಸಂಪಾದಕರೇ,

ಶನಿವಾರ, ಭಾನುವಾರ ಬಂತೆಂದರೆ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನತ್ತ ಬೈಕುಗಳ ಸಾಲು. ಆ ಸೀಮೆಯ ಕಾಡು ಕರಡಿಯ ನೆಲೆ. ಹೊಲಕ್ಕೆ ಹೋದವರ ಮೇಲೆ ಕರಡಿ ಎರಗಿದ ಸುದ್ದಿ ಖಾನಾಪುರ ತಾಲ್ಲೂಕಿನಿಂದ ಆಗಾಗ ಬರುತ್ತದೆ. ಆದರೆ ಕಾಡಂಚಿನ ಫಲಕಗಳು ಸಾಮಾನ್ಯವಾಗಿ ‘ವನ್ಯಪ್ರಾಣಿಗಳಿವೆ, ಎಚ್ಚರಿಕೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಎದುರಾದಾಗ ಮಾಡಬೇಕಾದ್ದೇನು?

ಶಾಲೆಯಲ್ಲಿ ಕೇಳಿದ ಕಥೆಯೇ ಹಲವರ ತಲೆಯಲ್ಲಿದೆ: ಒಬ್ಬ ಮರ ಏರಿ ಉಳಿದ, ಇನ್ನೊಬ್ಬ ಸತ್ತಂತೆ ಮಲಗಿ ಉಳಿದ. ನಮ್ಮ ಕರಡಿಯೋ ಜೇನಿಗಾಗಿ ಮರ ಏರುವ ಪ್ರಾಣಿ. ಓಟದಲ್ಲೂ ಮನುಷ್ಯನನ್ನು ಹಿಂದೆ ಹಾಕುತ್ತದೆ. ಅಂಗಾತ ಮಲಗಿದರಂತೂ ಮುಖವನ್ನೇ ಅದರ ಉಗುರಿಗೆ ಒಡ್ಡಿದಂತೆ.

ಅದು ನಮ್ಮನ್ನು ತಿನ್ನಲು ಬರುವುದಿಲ್ಲ, ಬೆಚ್ಚಿ ಎರಗುತ್ತದೆ. ಕಣ್ಣು, ಕಿವಿ ಮಂದ. ಮೂಗು ಮಾತ್ರ ಚುರುಕು. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ಅದರದೇ ಸದ್ದಿನಲ್ಲಿ ನಮ್ಮ ಹೆಜ್ಜೆ ಸಪ್ಪಳ ಅದಕ್ಕೆ ಕೇಳಿಸದು. ಗಾಳಿ ಅದರ ಕಡೆಯಿಂದ ನಮ್ಮತ್ತ ಬೀಸುತ್ತಿದ್ದರೆ ವಾಸನೆಯೂ ಸಿಗದು. ಹೀಗಾಗಿ ಲಂಟಾನ ಪೊದೆಗಳ ನಡುವೆ, ದಾರಿಯ ತಿರುವಿನಲ್ಲಿ, ಹಳ್ಳ ಭೋರ್ಗರೆಯುವಲ್ಲಿ ಜೋರಾಗಿ ಮಾತಾಡುತ್ತ, ಕೋಲು ಬಡಿಯುತ್ತ ನಡೆಯಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಮುಂದೆ ಹೋಗುವವರೇ ಹೆಚ್ಚು ಅಪಾಯದಲ್ಲಿರುತ್ತಾರೆ. ನಾಲ್ಕು ಜನ ಒಟ್ಟಿಗಿರಲಿ, ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು ಸಂಜೆ 5ರೊಳಗೆ ರಸ್ತೆ ಸೇರಲಿ. ಕವಳಿ, ನೇರಳೆ ಹಣ್ಣಾಗುವ ಬೇಸಿಗೆಯಲ್ಲಿ ಆ ಗಿಡಗಳ ಬುಡದಲ್ಲಿ ಬುತ್ತಿ ಬಿಚ್ಚಬಾರದು. ಬಗೆದ ಹುತ್ತದ ಮಣ್ಣು ಇನ್ನೂ ಹಸಿಯಾಗಿದ್ದರೆ ಬಂದ ದಾರಿಯಲ್ಲೇ ಹಿಂದಿರುಗುವುದು ಲೇಸು.

ಕರಡಿ ದೂರದಲ್ಲಿದ್ದು ನಮ್ಮನ್ನು ಗಮನಿಸಿರದಿದ್ದರೆ ಸದ್ದಿಲ್ಲದೆ ಹಿಂದೆ ಸರಿಯಬೇಕು. ಹಿಂಗಾಲ ಮೇಲೆ ನಿಂತರೆ ಹೆದರಬೇಕಿಲ್ಲ, ಅದು ವಾಸನೆ ಹಿಡಿಯುತ್ತಿರುತ್ತದೆ. ಹತ್ತಿರವಿದ್ದರೆ ಎಲ್ಲರೂ ಒತ್ತಾಗಿ ನಿಂತು, ಕೋಲು ಮುಂದೆ ಹಿಡಿದು, ಅದಕ್ಕೆ ಹೋಗಲು ದಾರಿ ಬಿಟ್ಟು ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಕಲ್ಲು ಎಸೆಯುವುದು, ಬೆನ್ನ ಮೇಲೆ ಮರಿ ಹೊತ್ತ ತಾಯಿಯ ಫೋಟೋ ತೆಗೆಯುವುದು ಬೇಡವೇ ಬೇಡ. ಮೈಮೇಲೆ ಬಿದ್ದೇಬಿಟ್ಟಿತೆಂದರೆ ಬೋರಲು ಮಲಗಿ, ಎರಡೂ ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿ, ಮೊಣಕೈಗಳಿಂದ ಮುಖದ ಪಕ್ಕಗಳನ್ನು ಮರೆಮಾಡಿ. ಬೆನ್ನಿನ ಚೀಲ ಬೆನ್ನಲ್ಲೇ ಇರಲಿ. ಕಾಲು ಅಗಲಿಸಿದರೆ ಅದು ಮಗುಚಿ ಹಾಕುವುದು ಕಷ್ಟ. ದಾಳಿ ನಿಂತ ಕೂಡಲೇ ತಲೆ ಎತ್ತಬೇಡಿ, ಅದು ಇನ್ನೂ ಅಲ್ಲೇ ಇರಬಹುದು.

ಹೆಜ್ಜೇನಿಗೆ ಈ ಲೆಕ್ಕ ತಿರುವುಮುರುವು. ಚುಚ್ಚಿದ ಮುಳ್ಳಿನ ವಾಸನೆಗೆ ಉಳಿದ ನೊಣಗಳೂ ಮುತ್ತುತ್ತವೆ. ಮುಖ ಮುಚ್ಚಿಕೊಂಡು ಓಡಿ, ವಾಹನವೋ ಮನೆಯೋ ಸೇರಬೇಕು. ನೀರಿಗೆ ಹಾರಿದರೆ ಅವು ಮೇಲೆಯೇ ಸುತ್ತುತ್ತಿರುತ್ತವೆ. ಒಂಟಿ ಕಾಡುಕೋಣ ಕಂಡರೆ ದೂರದಿಂದಲೇ ಬಳಸಿ ಹೋಗಿ. ನುಗ್ಗಿ ಬಂದರೆ ದಪ್ಪ ಮರದ ಮರೆಯೇ ಗತಿ.

ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತುವುದು ಇನ್ನೂ ನಿಂತಿಲ್ಲ. ರಕ್ತ ಹರಿಯುತ್ತಿದ್ದರೆ ಮೊದಲು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಸಣ್ಣ ಪರಚು ಗಾಯವಾದರೂ ಸೋಪು ಹಚ್ಚಿ ಹರಿವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧ ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕಾಗುತ್ತದೆ. ಕಾಡಿನೊಳಗೆ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ, ಅದು ಕೊನೆಗೆ ಸಿಕ್ಕ ಜಾಗವನ್ನು ನೆನಪಿಟ್ಟುಕೊಂಡು ಮುಂದುವರಿಯಬೇಕು.

ಅನುಮತಿಯಿಲ್ಲದೆ ಅಭಯಾರಣ್ಯ ಹೊಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದನ್ನು ಬರೆಯುವ ಫಲಕದಲ್ಲೇ ಬೋರಲು ಮಲಗಿ ಕತ್ತು ಮುಚ್ಚಿಕೊಳ್ಳುವ ಚಿತ್ರ, ಅರಣ್ಯ ಸಹಾಯವಾಣಿ 1926, ತುರ್ತು ಕರೆಯ 112 ಎರಡನ್ನೂ ಅರಣ್ಯ ಇಲಾಖೆ ಬರೆಸಲಿ. ಚಿತ್ರವಾದರೆ ಗೋವಾ, ಮಹಾರಾಷ್ಟ್ರದಿಂದ ಬರುವವರಿಗೂ ಅರ್ಥವಾದೀತು.

– ಚಾರಣಾಸಕ್ತ ಓದುಗರು, ಬೆಳಗಾವಿ