ಮೊದಲ ಅವಕಾಶ ಕೊಟ್ಟವರ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಸಿನಿಮಾ ಪುಟವನ್ನು ನಾನು ಬಹಳ ವರ್ಷಗಳಿಂದ ತಪ್ಪದೆ ಓದುತ್ತಿದ್ದೇನೆ. ಅದರಲ್ಲಿ ನಿರ್ಮಾಪಕರು ಕಾಣಿಸುವುದು ಎರಡೇ ಕಡೆ. ಒಂದು, ಮುಹೂರ್ತದ ಫೋಟೊದಲ್ಲಿ. ಇನ್ನೊಂದು, ಎಷ್ಟು ಕೋಟಿ ಬಂತು, ಎಷ್ಟು ಕೋಟಿ ಹೋಯಿತು ಎನ್ನುವ ಲೆಕ್ಕದಲ್ಲಿ. ದುಡ್ಡು ಹಾಕುವುದು ಬಿಟ್ಟು ನಿರ್ಮಾಪಕರಿಗೆ ಬೇರೆ ಕೆಲಸವೇ ಇಲ್ಲ ಎಂದು ಓದುಗರು ಅಂದುಕೊಂಡರೆ ತಪ್ಪು ಅವರದ್ದಲ್ಲ. ಹಾಗಾಗಿ ಅಮೆರಿಕದ ಒಬ್ಬ ನಿರ್ಮಾಪಕರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಹೆಸರು ರೋಜರ್ ಕಾರ್ಮನ್. 2024ರ ಮೇ ತಿಂಗಳಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಾರ್ಮನ್ ಹುಟ್ಟಿದ್ದು 1926ರಲ್ಲಿ, ಡೆಟ್ರಾಯಿಟ್‌ನಲ್ಲಿ. ಅಪ್ಪ ಎಂಜಿನಿಯರ್. ಮಗನೂ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿದರು. ಮೋಟಾರ್ ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದು ಸೋಮವಾರ, ಬಿಟ್ಟಿದ್ದು ಗುರುವಾರ. ಆಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೊದಲ್ಲಿ ಟಪಾಲು ಹಂಚುವ ಹುಡುಗನಾದರು. ವಾರಕ್ಕೆ ಮೂವತ್ತೆರಡೂವರೆ ಡಾಲರ್ ಸಂಬಳ. ಮುಂದೆ ಅಲ್ಲೇ ಕಥೆಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸ ಸಿಕ್ಕಿತು. ಅವರು ಕೊಟ್ಟ ಸಲಹೆಗಳನ್ನು ಒಂದು ಚಿತ್ರಕ್ಕೆ ಬಳಸಿಕೊಂಡರು, ಆದರೆ ಅವರಿಗೆ ಹೆಸರು ಬರಲಿಲ್ಲ. ಆ ಕೆಲಸವನ್ನೂ ಬಿಟ್ಟರು.

ಅವರು ನಿರ್ಮಾಪಕರಾದ ಬಗೆ ಕೇಳಿ. ಒಬ್ಬರೇ ಕೂತು ಓಡಿಸುವ ಪುಟ್ಟ ಜಲಾಂತರ್ಗಾಮಿಯೊಂದು ತಯಾರಾಗಿದೆ ಎಂದು ಪತ್ರಿಕೆಯಲ್ಲಿ ಓದಿದರು. ನೇರ ಆ ಕಂಪನಿಗೇ ಫೋನ್ ಮಾಡಿದರು. ನಿಮ್ಮ ಯಂತ್ರವನ್ನು ನನ್ನ ಸಿನಿಮಾದಲ್ಲಿ ತೋರಿಸುತ್ತೇನೆ, ನಿಮಗೆ ಪ್ರಚಾರ ಸಿಗುತ್ತದೆ, ಬಾಡಿಗೆ ಮಾತ್ರ ಕೇಳಬೇಡಿ ಅಂದರು. ಅವರು ಒಪ್ಪಿದರು. ಸುಮಾರು 12 ಸಾವಿರ ಡಾಲರ್‌ನಲ್ಲಿ ಸಮುದ್ರದ ರಾಕ್ಷಸನ ಕಥೆಯೊಂದು 1954ರಲ್ಲಿ ತೆರೆಗೆ ಬಂತು, ಲಾಭವನ್ನೂ ಮಾಡಿತು. ಕೈಯಲ್ಲಿ ಇಲ್ಲದ ವಸ್ತು ಎಲ್ಲಿದೆ, ಅದನ್ನು ಯಾರ ಹತ್ತಿರ ಹೇಗೆ ಕೇಳಬೇಕು ಎಂದು ಗೊತ್ತಿರುವುದು ಕೂಡ ಒಂದು ಕಸುಬು ಅಲ್ವಾ?

ಅವರ ಮಿತವ್ಯಯದ ಕಥೆಗಳು ನೂರಾರಿವೆ. ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ ಕೆಡವುವ ಮೊದಲೇ ಅದರಲ್ಲಿ ನುಗ್ಗಿ, ಎರಡು ಹಗಲು ಒಂದು ರಾತ್ರಿಯಲ್ಲಿ ಒಂದು ಚಿತ್ರದ ಮುಖ್ಯ ಚಿತ್ರೀಕರಣ ಮುಗಿಸಿದ್ದಾರೆ. 1960ರ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಅದು. ಹಲ್ಲಿನ ಡಾಕ್ಟರ ಹತ್ತಿರ ಬರುವ ರೋಗಿಯ ಸಣ್ಣ ಪಾತ್ರದಲ್ಲಿ ಒಬ್ಬ ಹುಡುಗ ಇದ್ದ. ಜ್ಯಾಕ್ ನಿಕಲ್ಸನ್. ಮುಂದೆ ಮೂರು ಆಸ್ಕರ್ ಗೆದ್ದವರು. ಇನ್ನೊಂದು ಸಲ, ಹಳೇ ಕೊಟ್ಟಿಗೆಯೊಂದಕ್ಕೆ ಬೆಂಕಿ ಹಚ್ಚಿ ತೆಗೆದ ದೃಶ್ಯವನ್ನು ಒಂದಾದ ಮೇಲೊಂದರಂತೆ ಹಲವು ಚಿತ್ರಗಳಲ್ಲಿ ಬಳಸಿದರು.

ಆದರೆ ನಾನು ಪತ್ರ ಬರೆಯಲು ಕೂತಿದ್ದು ಉಳಿತಾಯದ ವಿಷಯಕ್ಕಲ್ಲ, ಅವರು ಹೊಸಬರನ್ನು ನಂಬಿದ ರೀತಿಗೆ.

ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಕಾರ್ಮನ್ ಹತ್ತಿರ ಸಹಾಯಕರಾಗಿದ್ದರು. 1963ರಲ್ಲಿ ಐರ್ಲೆಂಡ್‌ನಲ್ಲಿ ಒಂದು ಸಣ್ಣ ಚಿತ್ರ ಮಾಡಲು ಕಾರ್ಮನ್ ಅವರಿಗೆ ಹಣ ಕೊಟ್ಟರು. ಒಂಬತ್ತು ವರ್ಷದ ನಂತರ ಅದೇ ಕೊಪ್ಪೊಲಾ ‘ಗಾಡ್‌ಫಾದರ್’ ಮಾಡಿದರು. ಅದರ ಎರಡನೇ ಭಾಗದಲ್ಲಿ ಸೆನೆಟರ್ ಪಾತ್ರಕ್ಕೆ ತಮ್ಮ ಹಳೇ ಯಜಮಾನರನ್ನೇ ಕರೆದು ಕೂರಿಸಿದರು! ಮಾರ್ಟಿನ್ ಸ್ಕಾರ್ಸೆಸಿಗೆ 1972ರಲ್ಲಿ ಒಂದು ಚಿತ್ರ ಕೊಟ್ಟವರೂ ಕಾರ್ಮನ್. ಜೊನಾಥನ್ ಡೆಮಿ, ಜೋ ಡಾಂಟೆ, ರಾನ್ ಹೋವರ್ಡ್ ಕೂಡ ಇಲ್ಲೇ ನಿರ್ದೇಶನ ಶುರು ಮಾಡಿದವರು. ಸಿನಿಮಾ ಮಂದಿ ಇದನ್ನು ಕಾರ್ಮನ್ ಶಾಲೆ ಎಂದೇ ಕರೆಯುತ್ತಿದ್ದರು.

ನಮ್ಮ ಊರಿನಲ್ಲೂ ‘ಟೈಟಾನಿಕ್’ ನೋಡದವರು ಕಡಿಮೆ. ಅದರ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಮೊದಲು ಕಾರ್ಮನ್ ಕಂಪನಿಯಲ್ಲಿ ಆಕಾಶನೌಕೆಯ ಸಣ್ಣ ಮಾಡೆಲ್‌ಗಳನ್ನು ಮಾಡುತ್ತಿದ್ದರು. 1981ರಲ್ಲಿ ಬಂದ ಒಂದು ಚಿತ್ರಕ್ಕೆ ಆಕಾಶನೌಕೆಯ ಒಳಗೋಡೆ ಬೇಕಿತ್ತು. ದುಡ್ಡಿರಲಿಲ್ಲ. ಹ್ಯಾಂಬರ್ಗರ್ ಕಟ್ಟಿಕೊಡುವ ಥರ್ಮಾಕೋಲ್ ಡಬ್ಬಿಗಳನ್ನು ಸಾಲಾಗಿ ಅಂಟಿಸಿ ಬಣ್ಣ ಹೊಡೆದರು. ತೆರೆಯ ಮೇಲೆ ಅದು ಲೋಹದ ಗೋಡೆಯ ಹಾಗೆ ಕಂಡಿತು. ಅದೇ ಚಿತ್ರದಲ್ಲಿ ತುಂಡಾದ ಕೈಯೊಂದರ ಮೇಲೆ ಹುಳುಗಳು ಮಿಲಮಿಲ ಹರಿದಾಡಬೇಕು. ಹುಳುಗಳು ಸುಮ್ನೆ ಬಿದ್ದಿದ್ದವು. ಕ್ಯಾಮರೂನ್ ನಕಲಿ ಕೈಗೆ ಕಾಣದ ಹಾಗೆ ವೈರ್ ಎಳೆದು ಸ್ವಲ್ಪ ಕರೆಂಟ್ ಹರಿಸಿದರು. ‘ಆ್ಯಕ್ಷನ್’ ಅಂದ ಕೂಡಲೇ ಹುಳುಗಳು ಹೊರಳಾಡಿದವು, ‘ಕಟ್’ ಅಂದ ಕೂಡಲೇ ನಿಂತವು. ಅದನ್ನು ನೋಡುತ್ತಾ ನಿಂತಿದ್ದ ಬೇರೆ ನಿರ್ಮಾಪಕರು, ಹುಳುಗಳಿಂದಲೇ ಇಷ್ಟು ಚೆನ್ನಾಗಿ ನಟನೆ ಮಾಡಿಸುವವನು ನಟರಿಂದ ಮಾಡಿಸದೆ ಇರುತ್ತಾನಾ ಎಂದು ಅವರಿಗೆ ನಿರ್ದೇಶನ ಕೊಟ್ಟರಂತೆ.

ಹೆಂಗಸರಿಗೂ ಅಲ್ಲಿ ಬಾಗಿಲು ತೆರೆದಿತ್ತು. ಗೇಲ್ ಆನ್ ಹರ್ಡ್ ಕಾರ್ಮನ್ ಅವರ ಸಹಾಯಕಿಯಾಗಿ ಸೇರಿ, ಕೆಲಸ ಕಲಿತು, 1984ರಲ್ಲಿ ‘ಟರ್ಮಿನೇಟರ್’ ನಿರ್ಮಾಪಕಿಯಾದರು. ದೊಡ್ಡ ಸ್ಟುಡಿಯೊಗಳು ಹೆಂಗಸರನ್ನು ನಿರ್ದೇಶನಕ್ಕೆ ಹತ್ತಿರ ಸೇರಿಸದ ಕಾಲದಲ್ಲಿ ಸ್ಟೆಫನಿ ರಾತ್‌ಮನ್ ಕಾರ್ಮನ್ ಕಂಪನಿಗೆ ಚಿತ್ರ ಮಾಡಿದರು.

ಎಲ್ಲವೂ ಚಿನ್ನ ಎಂದು ನಾನು ಹೇಳುವುದಿಲ್ಲ. ಸಂಬಳ ತೀರಾ ಕಡಿಮೆ ಇತ್ತು. ಟಿಕೆಟ್ ಮಾರಲು ಹೆಂಗಸರ ಮೈ ತೋರಿಸುವ ದೃಶ್ಯ ಇರಲೇಬೇಕು ಎನ್ನುವುದು ಕಾರ್ಮನ್ ಅವರ ಷರತ್ತಾಗಿತ್ತು. ಅದು ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ.

ಆದರೆ ಇದೇ ಮನುಷ್ಯ 1962ರಲ್ಲಿ ಕರಿಯ ಮಕ್ಕಳು ಬಿಳಿಯರ ಶಾಲೆಗೆ ಸೇರುವುದನ್ನು ತಡೆಯಲು ಊರಿನ ಜನರನ್ನು ಎತ್ತಿಕಟ್ಟುವವನ ಕಥೆಯನ್ನು ನಿರ್ದೇಶಿಸಿದರು. ಕೇಳಿದ ಹಲವು ಕಂಪನಿಗಳು ದುಡ್ಡು ಕೊಡಲಿಲ್ಲ. ಕಾರ್ಮನ್ ಮತ್ತು ಅವರ ತಮ್ಮ ಇಬ್ಬರೂ ಕೈಯಿಂದ ಹಾಕಿದರು. ಮಿಸೌರಿಯ ಸಣ್ಣ ಊರುಗಳಲ್ಲಿ ಚಿತ್ರೀಕರಣ. ಬೆದರಿಕೆ ಬಂತು, ಜಾಗ ಖಾಲಿ ಮಾಡಿ ಅಂದರು. ಆದರೂ ಚಿತ್ರ ಮುಗಿಸಿದರು. ಅದು ಓಡಲಿಲ್ಲ. ಸಾಲು ಸಾಲು ಲಾಭ ಕಂಡವರಿಗೆ ಅದರಲ್ಲಿ ನಷ್ಟ. ಆ ನಷ್ಟದ ಚಿತ್ರವೇ ಅವರನ್ನು ನನಗೆ ಜಾಸ್ತಿ ಹತ್ತಿರ ಮಾಡಿದ್ದು.

1970ರಲ್ಲಿ ಅವರು ನ್ಯೂ ವರ್ಲ್ಡ್ ಪಿಕ್ಚರ್ಸ್ ಶುರು ಮಾಡಿದರು. ಬೈಕು, ಜೈಲು, ಪಿರಾನಾ ಮೀನಿನ ಸಿನಿಮಾಗಳಿಂದ ಬಂದ ದುಡ್ಡಿನ ಜೊತೆಜೊತೆಗೇ ಬರ್ಗ್‌ಮನ್, ಫೆಲಿನಿ, ಕುರೊಸಾವಾ ಚಿತ್ರಗಳನ್ನು ಅಮೆರಿಕದಲ್ಲಿ ಹಂಚಿದರು. ಕಾರಿನಲ್ಲೇ ಕೂತು ನೋಡುವ ಬಯಲು ಥಿಯೇಟರಿಗೂ ಬರ್ಗ್‌ಮನ್ ಚಿತ್ರ ಹಾಕಿಸಿದವರು ಇವರು.

2009ರಲ್ಲಿ ಅಕಾಡೆಮಿ ಅವರಿಗೆ ಗೌರವ ಆಸ್ಕರ್ ಕೊಟ್ಟಿತು. ಆ ದಿನ ವೇದಿಕೆಯಲ್ಲಿ ಅವರ ಬಗ್ಗೆ ಮಾತಾಡಿದವರಲ್ಲಿ ರಾನ್ ಹೋವರ್ಡ್ ಮತ್ತು ಡೆಮಿ ಇದ್ದರು. ಹೋವರ್ಡ್ ತಮ್ಮ ಮೊದಲ ಚಿತ್ರ ಮಾಡುವಾಗ ಕಾರ್ಮನ್ ಹೇಳಿದ್ದರಂತೆ: ಇದನ್ನು ಚೆನ್ನಾಗಿ ಮಾಡಿಕೊಟ್ಟರೆ ಇನ್ನೊಂದು ಸಲ ನನ್ನ ಹತ್ತಿರ ಕೆಲಸಕ್ಕೆ ಬರುವ ಅಗತ್ಯ ನಿನಗೆ ಬೀಳುವುದಿಲ್ಲ.

ಸಂಪಾದಕರೇ, ನನ್ನ ಅಕ್ಕನ ಮಗ ಏಳು ವರ್ಷದಿಂದ ಅಸಿಸ್ಟೆಂಟ್ ಡೈರೆಕ್ಟರ್. ಹೋದ ತಿಂಗಳು ಒಬ್ಬರ ಹತ್ತಿರ ಕಥೆ ಹೇಳಲು ಹೋಗಿದ್ದ. ಅವರು ಕಥೆ ಕೇಳುವ ಮೊದಲೇ ‘ನೀನು ಎಷ್ಟು ತರ್ತೀಯಪ್ಪ?’ ಎಂದು ಕೇಳಿದರಂತೆ. ಮನೆಗೆ ಬಂದವನು ಊಟಕ್ಕೂ ಏಳಲಿಲ್ಲ. ಕಾರ್ಮನ್ ನೆನಪಾಗಿ ಈ ಪತ್ರಕ್ಕೆ ಕೂತಿದ್ದು ಆ ರಾತ್ರಿಯೇ.

ನನ್ನದು ಒಂದೇ ಕೋರಿಕೆ. ಇನ್ನು ಮುಂದೆ ಯಾವ ನಿರ್ದೇಶಕರ ಸಂದರ್ಶನ ಹಾಕಿದರೂ ಒಂದು ಪ್ರಶ್ನೆ ಸೇರಿಸಿ: ನಿಮ್ಮ ಕೈಗೆ ಮೊದಲು ಸಿನಿಮಾ ಕೊಟ್ಟವರು ಯಾರು, ಏನು ನೋಡಿ ಕೊಟ್ಟರು? ಆ ಉತ್ತರಕ್ಕೆ ಹೀರೊ ಫೋಟೊದ ಪಕ್ಕದಲ್ಲೇ ನಾಲ್ಕು ಸಾಲು ಜಾಗ ಬಿಡಿ.

ಇಂತಿ,
ನಿಮ್ಮ ಹಳೆಯ ಓದುಗ
ತುಮಕೂರು