ಸರ ಅಡ ಇಡ್ಬೇಡಿ ಅಪ್ಪ

ಅಪ್ಪ ಅಮ್ಮ ಇಬ್ರಿಗೂ ನಮಸ್ಕಾರ. ನಾನು ಕ್ಷೇಮ. ನೀವೂ ಕ್ಷೇಮ ಅಂತ ನಂಬಿದೀನಿ ಅಂತ ಬರೀಬೇಕಿತ್ತು, ಅಮ್ಮನ ವಾಯ್ಸ್ ಮೆಸೇಜ್ ಕೇಳಿದ್ಮೇಲೆ ಅದನ್ನ ಹೆಂಗೆ ಬರೀಲಿ. ಹನ್ನೊಂದು ನಿಮಿಷದ ಮೆಸೇಜು, ಅದ್ರಲ್ಲಿ ರಾಜಿ ಚಿಕ್ಕಮ್ಮನ ಗೃಹಪ್ರವೇಶ, ಕೆಳಗಿನ ಮನೆಯವರ ನೀರಿನ ಜಗಳ, ನನ್ನ ತೂಕ ಎಷ್ಟಾಯ್ತು ಅನ್ನೋದು ಎಲ್ಲಾ ಬಂದು, ಕೊನೇ ಅರ್ಧ ನಿಮಿಷದಲ್ಲಿ ದನಿ ತಗ್ಗಿಸ್ಕೊಂಡು ನಿನ್ನ ತಮ್ಮ ಪುಟ್ಟ ಮೊಬೈಲ್ ಆಪಲ್ಲಿ ಸಾಲ ಮಾಡ್ಕೊಂಡಿದಾನೆ, ಅಪ್ಪ ನನ್ನ ಎರಡೆಳೆ ಸರ ಅಡ ಇಡೋಣ ಅಂತಿದಾರೆ ಅಂತ. ಫೋನ್ ಮಾಡಿದ್ರೆ ನೀವು "ಏನಿಲ್ಲ ಬಿಡು, ಎಲ್ಲಾ ಸರಿ ಇದೆ, ತಗೋ ಅಮ್ಮನ ಹತ್ರ ಮಾತಾಡು" ಅಂತ ಕೊಟ್ಬಿಡ್ತೀರ, ನಂಗೊತ್ತು. ಅದಕ್ಕೇ ಕೂತು ಟೈಪ್ ಮಾಡ್ತಿದೀನಿ. ಪೂರ್ತಿ ಓದಿ. ಕನ್ನಡಕ ಹಾಕ್ಕೊಂಡು ಓದಿ.

ಮೊದಲ್ನೇದು, ಸರ ಅಡ ಇಡ್ಬೇಡಿ. ಎರಡ್ನೇದು, ಪುಟ್ಟನಿಗೆ ಹೊಡೀಬೇಡಿ, ಬೈದ್ರೆ ಬೈರಿ. ಅವನಿಗೆ ನಿನ್ನೆ ರಾತ್ರಿನೇ ಫೋನ್ ಮಾಡಿದ್ದೆ, ಅಳ್ತಾ ಇದ್ದ. 25,000 ಸಾಲ ಅಂತ ತಗೊಂಡಿದಾನೆ, ಅದು ಇದು ಫೀಸ್ ಅಂತ ಮುರ್ಕೊಂಡು ಕೈಗೆ ಬಂದಿದ್ದು ಹದಿನೇಳು ಸಾವಿರ, ಏಳೇ ದಿನಕ್ಕೆ ವಾಪಸ್ ಕೊಡ್ಬೇಕಂತೆ, ಅದನ್ನ ತೀರ್ಸೋಕೆ ಇನ್ನೊಂದು ಆಪ್, ಅದಕ್ಕೆ ಮತ್ತೊಂದು, ಈಗ ಅರವತ್ತು ಸಾವಿರ ಕೇಳ್ತಿದಾರೆ. ಅವರೇ ಇರ್ಬೇಕು ರಾಜಿ ಚಿಕ್ಕಮ್ಮನ ನಂಬರಿಗೂ ಮೆಸೇಜ್ ಹಾಕಿರೋದು, ಅದಕ್ಕೇ ಅಮ್ಮ ಗೃಹಪ್ರವೇಶಕ್ಕೆ ಮುಖ ತೋರ್ಸೋಕೆ ಹೋಗ್ಲಿಲ್ಲ ಅಲ್ವಾ? ಮೆಸೇಜಲ್ಲಿ ಮಂಡಿ ನೋವು ಅಂದ್ಯಲ್ಲಮ್ಮ.

ಇದನ್ನೆಲ್ಲ ಬಿಟ್ಟು ನಾನು ಬೇರೆ ವಿಷ್ಯ ಬರೀಬೇಕು ಅಂತಿದ್ದೆ, ಮನೆ ಓನರ್ ತಾತನ ಜೆರ್ಸಿ ಸುಟ್ಟ ಕಥೆ. ಈಗ ಅದೂ ಇದೂ ತಲೇಲಿ ಒಂದಕ್ಕೊಂದು ಸೇರ್ಕೊಂಡ್ಬಿಟ್ಟಿದೆ, ಅದನ್ನೂ ಹೇಳ್ಬಿಡ್ತೀನಿ, ನಿಮಗೂ ಸ್ವಲ್ಪ ಮನಸ್ಸು ಹಗುರ ಆಗ್ಲಿ.

ತಾತನಿಗೆ ಫುಟ್ಬಾಲ್ ಹುಚ್ಚು ಅಂತ ಮುಂಚೆನೇ ಹೇಳಿದ್ನಲ್ಲ. ಇಂಗ್ಲೆಂಡಿನ ಈ ನ್ಯೂಕಾಸಲ್ ಊರಿಗೆ ಊರೇ ಹಂಗೆ. ಸ್ಟೇಡಿಯಂ ಊರಾಚೆ ಎಲ್ಲೋ ಇಲ್ಲ, ಸಿಟಿ ನಡುವೆ ದಿಬ್ಬದ ಮೇಲೆ ನಿಂತಿದೆ, ಸೇಂಟ್ ಜೇಮ್ಸ್ ಪಾರ್ಕ್, 52 ಸಾವಿರ ಜನ ಹಿಡಿಸುತ್ತೆ, ಗೋಲ್ ಆದ್ರೆ ಅಂಗಡಿ ಬೀದಿಗೆಲ್ಲ ಕೇಳ್ಸುತ್ತೆ. ಅಮ್ಮ ಹೆಣೆದು ಕೊಟ್ಟಿದ್ಯಲ್ಲ ಕೆಂಪು ಬಿಳಿ ಪಟ್ಟೆ ಸ್ವೆಟರು, ಅದನ್ನ ಹಾಕ್ಕೊಂಡು ಮೊದಲ ವಾರ ಕೆಳಗೆ ಇಳಿದ್ರೆ ತಾತ ಬಾಗ್ಲಿಗೆ ಅಡ್ಡ ನಿಂತ್ಬಿಟ್ರು. ಕೆಂಪು ಬಿಳಿ ಪಟ್ಟೆ ಅಂದ್ರೆ ಪಕ್ಕದೂರು ಸಂಡರ್ಲೆಂಡ್ ಟೀಮಿನ ಬಣ್ಣ, ಅವರಿಗೂ ಇವರಿಗೂ ಆಗಲ್ಲ, ಇವರದ್ದು ಕಪ್ಪು ಬಿಳಿ. ನಮ್ಮಮ್ಮ ಕೈಯಾರೆ ಹೆಣೆದಿದ್ದು ಅಂದೆ. ಹಂಗಾದ್ರೆ ಮನೆ ಒಳಗೆ ಹಾಕ್ಕೋ, ಪರದೆ ಎಳ್ಕೊಂಡು ಅಂದ್ರು. ಬೇಜಾರ್ ಮಾಡ್ಕೋಬೇಡಮ್ಮ, ತಮಾಷೆಗೆ. ತುಂಬಾ ಬೆಚ್ಚಗಿದೆ ಸ್ವೆಟರು, ರಾತ್ರಿ ಹಾಕ್ಕೊಂಡೇ ಮಲಗ್ತೀನಿ.

ತಾತನ ಬೀರು ತೆಗೆದ್ರೆ ಕೋಟು ಒಂದೋ ಎರಡೋ, ಉಳಿದಿದ್ದೆಲ್ಲ ಜೆರ್ಸಿ, ವರ್ಷದ ಪ್ರಕಾರ ಹ್ಯಾಂಗರಿಗೆ ತೂಗಾಕಿದಾರೆ. ಒಂದೊಂದು ಎಳೆದು ತೋರಿಸ್ತಾ ಕಥೆ ಶುರು ಮಾಡಿದ್ರೆ ಅಪ್ಪ, ನೀವು 1977ರಲ್ಲಿ ನಿಮ್ಮ ಟೆಲಿಫೋನ್ ಫ್ಯಾಕ್ಟರಿ ಐಟಿಐ ಟೀಮು ಕಲ್ಕತ್ತಾದ ಮೋಹನ್ ಬಗಾನ್‌ನ 1-0ಗೆ ಹೊಡೆದು ಮೊಟ್ಟಮೊದಲ ಫೆಡರೇಶನ್ ಕಪ್ ಎತ್ತಿದ್ದನ್ನ ಹೇಳ್ತೀರಲ್ಲ, ಥೇಟ್ ಹಂಗೇ. ಕೇಳಿದ್ದನ್ನೇ ಕೇಳ್ಬೇಕು, ನಡುವೆ ಎದ್ದು ಹೋಗಂಗಿಲ್ಲ. ನಾನೂ ಬಿಡ್ಲಿಲ್ಲ, ನಮ್ಮಪ್ಪನ ಫ್ಯಾಕ್ಟರಿ ಟೀಮು ನಿಮ್ಮವರಿಗಿಂತ ಈಚೆಗೆ ದೊಡ್ಡ ಕಪ್ ಗೆದ್ದಿತ್ತು ಅಂತ ಹೇಳ್ಬಿಟ್ಟೆ. ಯಾಕಂದ್ರೆ ಇವರು ದೊಡ್ಡ ಕಪ್ ಅಂತ 1969ರಲ್ಲಿ ಯುರೋಪಿನ ಫೇರ್ಸ್ ಕಪ್ ಗೆದ್ದಿದ್ದೇ ಕೊನೆ, ದೇಶದೊಳಗಿನ ಕಪ್ಪಂತೂ 1955ರದ್ದು. ಫ್ಯಾಕ್ಟರಿಯಲ್ಲಿ ಏನು ಮಾಡ್ತಿದ್ರು ಅಂತ ಕೇಳಿದ್ರು, ಟೆಲಿಫೋನ್ ಅಂದೆ, ತಲೆದೂಗಿದ್ರು. ಆಮೇಲೆ 2025ರ ಮಾರ್ಚ್ 16ಕ್ಕೆ ವೆಂಬ್ಲಿಯಲ್ಲಿ ಲಿವರ್‌ಪೂಲ್‌ನ 2-1ಗೆ ಸೋಲ್ಸಿ ಲೀಗ್ ಕಪ್ ತಂದ್ರು, ಎಪ್ಪತ್ತು ವರ್ಷ ಆದ್ಮೇಲೆ. ಅವತ್ತು ತಾತ ಟೀವಿ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದು ನೋಡಿ ನಂಗೆ ಬಿಪಿ ಚೆಕ್ ಮಾಡೋಣ ಅನ್ನಿಸ್ತು, ನರ್ಸ್ ಬುದ್ಧಿ.

ಸುಟ್ಟಿದ್ದು 1995ರ ಜೆರ್ಸಿ. ಅದಕ್ಕೆ ಕಾಲರ್ ನಮ್ಮ ಜುಬ್ಬಾ ಥರ, ಮಡಚಿರಲ್ಲ, ನೆಟ್ಟಗೆ ಪಟ್ಟಿ, ಗುಂಡಿ ಬೇರೆ. ಎದೆ ಮೇಲೆ ಏನಿದೆ ಗೊತ್ತಾ, ಬಿಯರ್ ಬಾಟಲಿ ಲೇಬಲ್! ನ್ಯೂಕಾಸಲ್ ಬ್ರೌನ್ ಏಲ್ ಅಂತ, ನೀಲಿ ನಕ್ಷತ್ರ. ಅದನ್ನ ಹಾಕ್ಕೊಂಡು ಚಿಕ್ಕ ಮಕ್ಕಳೂ ಮ್ಯಾಚಿಗೆ ಹೋಗ್ತಿದ್ರಂತೆ. ಆ ವರ್ಷದ ಟೀಮನ್ನ ಇಲ್ಲಿನವರು ದೇವರ ಹಂಗೆ ನೆನೆಸ್ಕೋತಾರೆ. ಎಡಗಡೆ ಉದ್ದ ಕೂದಲಿನ ಗಿನೋಲ, ಫ್ರೆಂಚ್‌ನವನು, ಅಜ್ಜಿ ಇವತ್ತಿಗೂ ಅವನ ಹೆಸರೆತ್ತಿದ್ರೆ ಕೂದಲು ಸರಿ ಮಾಡ್ಕೋತಾರೆ. ಬಿಯರ್ಡ್ಸ್ಲಿ ಅಂತ ಇಲ್ಲಿಯವನೇ, ತಾತನ ಪ್ರಕಾರ ಅವನ ಕಾಲಿನ ಬುದ್ಧಿ ಇನ್ಯಾರ ತಲೇಲೂ ಇಲ್ಲ. 96ರ ಫೆಬ್ರವರಿಯಲ್ಲಿ ಕೊಲಂಬಿಯಾದ ಆಸ್ಪ್ರಿಯಾ ಹಿಮ ಬೀಳೋವಾಗ ದೊಡ್ಡ ತುಪ್ಪಳದ ಕೋಟು ಹಾಕ್ಕೊಂಡು ಬಂದಿಳಿದ್ನಂತೆ, ನಾನು ಬಂದ ದಿನ ತಾತ ನನ್ನ ಮೂರು ಸ್ವೆಟರು ಮಂಕಿ ಕ್ಯಾಪು ನೋಡಿ ನಕ್ಕಿದ್ದು ಅವನನ್ನ ನೆನೆಸ್ಕೊಂಡಂತೆ. ಆ ಜನವರಿಯಲ್ಲಿ ಲೀಗಲ್ಲಿ 12 ಪಾಯಿಂಟ್ ಮುಂದಿದ್ರಂತೆ, ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನವರು ಹೊಡ್ಕೊಂಡು ಹೋದ್ರು. ಸೋತ ವರ್ಷನೇ ಇವರಿಗೆ ಪ್ರೀತಿ ಜಾಸ್ತಿ, ಅದು ನಂಗೆ ಇನ್ನೂ ಅರ್ಥ ಆಗಿಲ್ಲ.

ಆ ಜೆರ್ಸಿ ಬೆನ್ನು ನೋಡ್ಬೇಕು ಅಪ್ಪ. 9 ನಂಬರು. ಇಲ್ಲಿ 9 ಅಂದ್ರೆ ಸುಮ್ನೆ ಯಾರಿಗೂ ಕೊಡಲ್ಲ, ಜಾಕಿ ಮಿಲ್ಬರ್ನ್ ಕಾಲದಿಂದ ಅದಕ್ಕೊಂದು ಗೌರವ, ಅವನದ್ದು 200 ಗೋಲು. 95ರಲ್ಲಿ 9 ಹಾಕ್ಕೊಂಡಿದ್ದವನು ಲೆಸ್ ಫರ್ಡಿನಾಂಡ್. ತಾತನ ಮಗನಿಗೆ ಆಗ ಹತ್ತು ವರ್ಷ, ಹಟ ಮಾಡಿ ಬೆನ್ನ ಮೇಲೆ ಫರ್ಡಿನಾಂಡ್ ಅಂತ ಅಚ್ಚು ಹಾಕಿಸ್ಕೊಂಡಿದಾನೆ. ಮುಂದಿನ ವರ್ಷ 96ರಲ್ಲಿ ಶಿಯರರ್ ಬಂದ, ಇದೇ ಊರಿನ ಹುಡುಗ, ಅಪ್ಪ ತಗಡು ಕೆಲಸದವರು, 15 ಮಿಲಿಯನ್ ಪೌಂಡ್ ಕೊಟ್ಟು ತಂದ್ರು, ಆಗ ಪ್ರಪಂಚದಲ್ಲೇ ಅಷ್ಟು ದುಡ್ಡು ಯಾವ ಆಟಗಾರನಿಗೂ ಕೊಟ್ಟಿರ್ಲಿಲ್ಲ. ಅವನಿಗೆ 9 ಬೇಕು, ಫರ್ಡಿನಾಂಡ್ ಬಿಟ್ಕೊಟ್ಟ. ಜೆರ್ಸಿ ಎರಡು ವರ್ಷಕ್ಕೂ ಒಂದೇ ಡಿಸೈನು. ಹುಡುಗ ಹೊಸದು ಬೇಕು ಅಂತ ಕೂತ. ಆಗ ತಾತನಿಗೆ ಕೆಲಸ ಇರ್ಲಿಲ್ಲ. ಅಜ್ಜಿ ಏನು ಮಾಡಿದ್ರು ಅಂದ್ರೆ, ಹಳೇ ಅಕ್ಷರ ಒಂದೊಂದೇ ಉಗುರಲ್ಲಿ ಎಬ್ಬಿಸಿ ಕಿತ್ತು, ಅದೇ ಜಾಗದಲ್ಲಿ ಶಿಯರರ್ ಅಂತ ಹೊಸ ಅಕ್ಷರ ಅಂಟಿಸಿದ್ರು. ಫರ್ಡಿನಾಂಡ್‌ಗೆ ಇಂಗ್ಲಿಷಲ್ಲಿ ಒಂಬತ್ತು ಅಕ್ಷರ, ಶಿಯರರ್‌ಗೆ ಏಳೇ. ಬೆಳಕಿಗೆ ಹಿಡಿದ್ರೆ ಆ ಕಡೆ ಎಫ್, ಈ ಕಡೆ ಡಿ, ಗೋಡೆ ಮೇಲೆ ಕ್ಯಾಲೆಂಡರ್ ತೆಗೆದ ಜಾಗ ಇರುತ್ತಲ್ಲ ಹಂಗೆ ಕಾಣುತ್ತೆ.

ಹೋದ ಶನಿವಾರ ಮ್ಯಾಚಿಗೆ ಅದನ್ನೇ ಹಾಕ್ಕೋತೀನಿ ಅಂದ್ರು, ಹೊಟ್ಟೆ ಮೇಲೆ ನಿಲ್ಲಲ್ಲ ಅದು ಬೇರೆ ಮಾತು, ಕೋಟ್ ಒಳಗೆ ಮಡಚಿ ಇಟ್ಕೊಂಡು ಹೋಗ್ತಾರೆ. ನಾನು ಯೂನಿಫಾರ್ಮ್ ಇಸ್ತ್ರಿ ಮಾಡ್ತಿದ್ದೆ, ಕೊಡಿ ತಾತ ಇದನ್ನೂ ಎಳೆದು ಕೊಡ್ತೀನಿ ಅಂತ ದೊಡ್ಡಸ್ತಿಕೆ. ಇಸ್ತ್ರಿಪೆಟ್ಟಿಗೆ ಕಾಟನ್ನಿಗೆ ಇಟ್ಟ ಬಿಸಿಯಲ್ಲೇ ಇತ್ತು. ಕೊನೇ ಆರ್ ಅಕ್ಷರ ಪೆಟ್ಟಿಗೆ ಜೊತೆಗೇ ಎದ್ದು ಬಂತು ಅಪ್ಪ, ಕರಗಿದ ಬಬಲ್ ಗಮ್ ಥರ ಎಳೆ ಎಳೆಯಾಗಿ. ವಾಸನೆಗೆ ಅಜ್ಜಿ ಅಡುಗೆಮನೆಯಿಂದ ಓಡಿ ಬಂದ್ರು. ನಂಗೆ ಕಣ್ಣಲ್ಲಿ ನೀರು. ಇಂಥ ಹಳೇ ಜೆರ್ಸಿ ಈಗ ನೂರು ಪೌಂಡಿನ ಮೇಲೆ, ಕಟ್ಕೊಡ್ತೀನಿ ಅಂದೆ. ತಾತ ಜೆರ್ಸಿ ಎತ್ತಿ ಕಿಟಕಿ ಹತ್ರ ಹಿಡಿದು ತುಂಬಾ ಹೊತ್ತು ನೋಡಿದ್ರು, ಆಮೇಲೆ "ಶಿಯರರ್ ಹೋದ್ರೇನಂತೆ, ಕೆಳಗೆ ಲೆಸ್ ಇದಾನಲ್ಲ" ಅಂದ್ರು. ಅಷ್ಟೇ. ಟೀ ಮಾಡಿ ಕೊಟ್ರು, ಹಾಲು ಸುರಿದ ಟೀ, ಶುಂಠಿ ಇಲ್ಲ ಏನಿಲ್ಲ, ಕುಡಿದೆ.

ಈಗ ಪುಟ್ಟನ ವಿಷ್ಯಕ್ಕೆ ಇದ್ಯಾಕೆ ಬಂತು ಅಂದ್ರೆ, ಸಮಾಧಾನ ಮಾಡೋಕೆ ಅಂತ ತಾತ ಮಿಕ್ಕ ಜೆರ್ಸಿಗಳನ್ನೂ ತೋರಿಸ್ತಾ ಬಂದ್ರು. ಪೆರು ದೇಶದ ಸೊಲಾನೊ ಟ್ರಂಪೆಟ್ ಊದ್ತಿದ್ದ, ಕೋಚ್ ಬಾಬಿ ರಾಬ್ಸನ್‌ಗೆ ಫೋನ್ ಮಾಡಿ ಊದ್ತಿದ್ದ ಅಂತೆಲ್ಲ ನಗ್ತಾ. ಶಿಯರರ್ ಕೊನೇ ವರ್ಷಗಳ ಜೆರ್ಸಿ ಮೇಲೆ ನಾರ್ದರ್ನ್ ರಾಕ್ ಅಂತ ಇದೆ, ಇದೇ ಊರಿನ ಬ್ಯಾಂಕು. 2006ರಲ್ಲಿ ಅವನು ಒಟ್ಟು 206 ಗೋಲು ಹೊಡೆದು ಮಿಲ್ಬರ್ನ್ ದಾಖಲೆ ಮುರಿದು ನಿಲ್ಸಿದ. ಮುಂದಿನ ವರ್ಷ ಸೆಪ್ಟೆಂಬರಲ್ಲಿ ಆ ಬ್ಯಾಂಕ್ ಮುಂದೆ ಜನ ಸಾಲುಗಟ್ಟಿ ನಿಂತ್ರಂತೆ ದುಡ್ಡು ವಾಪಸ್ ತಗೊಳ್ಳೋಕೆ, ಅಜ್ಜಿನೂ ಫ್ಲಾಸ್ಕ್ ಹಿಡ್ಕೊಂಡು ನಿಂತಿದ್ರು. ಸರ್ಕಾರ ಭರವಸೆ ಕೊಟ್ಟಿದ್ರಿಂದ ಠೇವಣಿ ಇಟ್ಟವರದ್ದು ಉಳೀತು, ಷೇರು ತಗೊಂಡಿದ್ದವರದ್ದು ಹೋಯ್ತು, ಬ್ಯಾಂಕು 2008ರಲ್ಲಿ ಸರ್ಕಾರದ್ದೇ ಆಯ್ತು. ಆ ಜೆರ್ಸಿ ದಾಟಿದ್ಮೇಲೆ ಬೀರುವಲ್ಲಿ ಒಂದು ಕಡೆ ಬರೀ ಹ್ಯಾಂಗರು. ನಾಲ್ಕು ಖಾಲಿ ಹ್ಯಾಂಗರು. ಇವು ಯಾಕೆ ತಾತ ಅಂದೆ.

2013ರಿಂದ 17ರವರೆಗೆ ಎದೆ ಮೇಲೆ ವೊಂಗಾ ಅಂತ ಇತ್ತಂತೆ. ಅದೇ ಅಪ್ಪ, ಪುಟ್ಟ ತಗೊಂಡಿದ್ದಾನಲ್ಲ ಅಂಥದ್ದೇ ಸಂಬಳ ಬರೋವರೆಗಿನ ಸಾಲದ ಕಂಪನಿ, ವರ್ಷದ ಲೆಕ್ಕಕ್ಕೆ ಹಾಕಿದ್ರೆ ಬಡ್ಡಿ ಸಾವಿರಾರು ಪರ್ಸೆಂಟು. ಪಾಪಿಸ್ ಸಿಸ್ಸೆ ಅಂತ ಸೆನೆಗಲ್ ಆಟಗಾರ, ಬಡ್ಡಿ ವ್ಯವಹಾರ ನಮ್ಮ ಧರ್ಮಕ್ಕೆ ಒಪ್ಪಲ್ಲ, ಹಾಕ್ಕೊಳ್ಳಲ್ಲ ಅಂತ ಮೊದಲು ಹಟ ಹಿಡಿದು ಆಮೇಲೆ ಹಾಕ್ಕೊಂಡ. ತಾತ ಹಾಕ್ಕೊಳ್ಳಲಿಲ್ಲ. ಮ್ಯಾಚಿಗೆ ಮಾತ್ರ ತಪ್ಪದೆ ಹೋಗಿದಾರೆ, ಜುಬ್ಬಾ ಕಾಲರ್ ಜೆರ್ಸಿ ಹಿಡ್ಕೊಂಡೇ. ಯಾಕೆ ಅಂದ್ರೆ ಅವರ ಮಗನೇ ಅಂಥ ಕಡೆ ಸಾಲ ಮಾಡಿದ್ದ, ಅದೇ ಹತ್ತು ವರ್ಷದ ಹುಡುಗ ದೊಡ್ಡವನಾಗಿ. ಮನೇಲಿ ಹೇಳಲಿಲ್ಲ, ನಾಚಿಕೆಗೆ. ಎರಡು ವರ್ಷ ಅಪ್ಪ ಮಗ ಮಾತಾಡ್ಲಿಲ್ಲ ಅಂತ ಅಜ್ಜಿ ಹೇಳಿದ್ರು, ತಾತ ಅಷ್ಟೊತ್ತಿಗೆ ಬೀರು ಬಾಗ್ಲು ಹಾಕಿ ಆಗಿತ್ತು. ವೊಂಗಾ 2018ರಲ್ಲಿ ಮುಳುಗಿತು.

ಅದಕ್ಕೇ ಹೇಳ್ತಿದೀನಿ ಅಪ್ಪ, ಪುಟ್ಟನ ಹತ್ರ ಮಾತು ಬಿಡ್ಬೇಡಿ. ನಿಮಗೆ ಸಿಟ್ಟು ಬಂದ್ರೆ ಮಾತಿಲ್ಲ ಕತೆಯಿಲ್ಲ, ಪೇಪರ್ ಅಡ್ಡ ಇಟ್ಕೊಂಡು ಕೂತ್ಬಿಡ್ತೀರ, ನಾನು ಪಿಯುಸಿ ಫಿಸಿಕ್ಸಲ್ಲಿ ಕಮ್ಮಿ ತೆಗೆದಾಗ ಹದಿನೆಂಟು ದಿನ, ಲೆಕ್ಕ ಇಟ್ಟಿದ್ದೆ.

ಇವಿಷ್ಟು ಮಾಡಿ. ಆ ಆಪ್‌ನವರಿಗೆ ಇನ್ನು ಒಂದು ರೂಪಾಯಿ ಹಾಕೋಕೆ ಬಿಡ್ಬೇಡಿ ನಾನು ಹೇಳೋವರೆಗೆ. ಅವರು ಕಳ್ಸಿರೋ ಮೆಸೇಜು, ಫೋಟೋ ಯಾವುದನ್ನೂ ಡಿಲೀಟ್ ಮಾಡ್ಬಾರ್ದು, ಸ್ಕ್ರೀನ್‌ಶಾಟ್ ಇಟ್ಕೊಂಡು 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ನಂಬರು, ಸ್ಟೇಷನ್ನಿಗೂ ನೀವೇ ಜೊತೆಗೆ ಹೋಗಿ, ಅವನೊಬ್ಬನೇ ಹೋದ್ರೆ ಬಾಗ್ಲಿಂದಾನೇ ವಾಪಸ್ ಬರ್ತಾನೆ. ಸಾಲ ವಸೂಲಿಗೆ ಬೆಳಗ್ಗೆ 8ಕ್ಕೆ ಮುಂಚೆ ಸಂಜೆ 7ರ ಮೇಲೆ ಫೋನ್ ಮಾಡಂಗಿಲ್ಲ ಅಂತ ರಿಸರ್ವ್ ಬ್ಯಾಂಕ್ ರೂಲ್ಸೇ ಇದೆ, ನೆಂಟರಿಗೆಲ್ಲ ಮೆಸೇಜ್ ಹಾಕಿ ಮಾನ ತೆಗೆಯೋದಂತೂ ದೂರದ ಮಾತು. ಇವರು ರಿಜಿಸ್ಟರ್ ಆದವರೋ ಅಲ್ವೋ ಅದನ್ನೂ ನೋಡ್ಬೇಕು. ನಿಜವಾಗ್ಲೂ ಕೊಡ್ಬೇಕಾದ ಅಸಲು ಎಷ್ಟು ಅಂತ ಪುಟ್ಟ ಬರೆದು ಕಳಿಸ್ಲಿ, ನಾನು ಕಳಿಸ್ತೀನಿ. ನಂಗೆ ಕಷ್ಟ ಆಗಲ್ಲ. ಎರಡು ನೈಟ್ ಶಿಫ್ಟ್ ಜಾಸ್ತಿ ಮಾಡಿದ್ರಾಯ್ತು, ಇಲ್ಲಿ ನೈಟ್‌ಗೆ ದುಡ್ಡೂ ಜಾಸ್ತಿ. ಊಟ ಸರಿಯಾಗಿ ಮಾಡ್ತಿದೀನಿ, ನಿದ್ದೆ ಮಾಡ್ತಿದೀನಿ, ಚಳಿ ಏನೂ ಇಲ್ಲ, ತೂಕನೂ ಸರಿ ಇದೆ, ಹೀಟರ್ ಇದೆ, ಕೆಮ್ಮು ಇತ್ತಲ್ಲ ಅದು ಹೋಯ್ತು, ಸುಮ್ನೆ ಇತ್ತು ಅದು. ನನ್ನ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಅಮ್ಮ, ನೀನು ರಾಜಿ ಚಿಕ್ಕಮ್ಮನ ಮನೆಗೆ ಒಂದ್ಸಲ ಹೋಗಿ ಬಾ, ಸರ ಹಾಕ್ಕೊಂಡೇ ಹೋಗು. ಅವರೇನಾದ್ರೂ ಕೇಳಿದ್ರೆ ಹೌದು ಹುಡುಗ ತಪ್ಪು ಮಾಡಿದಾನೆ ಅಂತ ನೇರ ಹೇಳು. ಮುಚ್ಚಿಟ್ಟಷ್ಟೂ ಆ ಆಪ್‌ನವರಿಗೇ ಲಾಭ. ಇಲ್ಲಿ 95ರ ಜನವರಿಯಲ್ಲಿ ಆಂಡಿ ಕೋಲ್ ಅಂತ ಗೋಲ್ ಮೇಲೆ ಗೋಲ್ ಹೊಡೀತಿದ್ದವನನ್ನ ಮ್ಯಾಂಚೆಸ್ಟರಿಗೆ ಮಾರಿದಾಗ ಜನ ಸ್ಟೇಡಿಯಂ ಮುಂದೆ ಬಂದು ಕೂಗಾಡಿದ್ರಂತೆ, ಕೋಚ್ ಕೀಗನ್ ತಾನೇ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಯಾಕೆ ಮಾರ್ದೆ ಅಂತ ಮುಖಕ್ಕೆ ಮುಖ ಕೊಟ್ಟು ಹೇಳಿದ್ರಂತೆ. ಪುಟ್ಟನಿಗೆ ಅದನ್ನ ಹೇಳಿ, ಅವನಿಗೆ ಫುಟ್ಬಾಲ್ ಅಂದ್ರೆ ಅರ್ಥ ಆಗುತ್ತೆ.

ಆರ್ ಅಕ್ಷರ ಹುಡುಕಿದೀನಿ, ಹಳೇ ಅಕ್ಷರ ಮಾರೋರು ಇದಾರಂತೆ, ತಾತ ಬೇಡ ಅಂತಿದಾರೆ. ಬಸ್ಸಿಗೆ ಆರೇ ನಿಮಿಷ ಇದೆ, ಇವತ್ತು ನೈಟು, ಬೆಳಗ್ಗೆ ಮುಗಿದ ತಕ್ಷಣ ಫೋನ್ ಮಾಡ್ತೀನಿ, ಅಪ್ಪ ನೀವೇ ಎತ್ತಿ, ಅಮ್ಮನಿಗೆ ಕೊಡ್ಬೇಡಿ. ಶುಗರ್ ಮಾತ್ರೆ ತಗೊಳ್ಳಿ. ಸರ ಬೀರುವಲ್ಲೇ ಇರ್ಲಿ. ಬಂದೆ.

ನಿಮ್ಮ ಮಗಳು